ಮಂಡಕ್ಕಿಗೆ ಇಂಗ್ಲಿಷ್ ಬರುವುದಿಲ್ಲ

“ನಾಯಿಗಳಿಗೆ ಕನ್ನಡ ಹತ್ತಲ್ಲ ಮೇಡಂ. ಕಮಾಂಡೆಲ್ಲ ಇಂಗ್ಲಿಷಿನಲ್ಲೇ ಕೊಡಬೇಕು.”

ನಮ್ಮ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತ ತರಬೇತುದಾರ ಹೀಗೆಂದಾಗ ಮಂಡಕ್ಕಿಗೆ ನಾಲ್ಕು ತಿಂಗಳು. ತಿಂಗಳಿಗೆ ಎಂಟು ಸಾವಿರ ರೂಪಾಯಿ, ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ ಎಂದು ಮಾತಾಗಿತ್ತು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಅ ಆ ಇ ಈ ತಿದ್ದಿಸಿ ನಿವೃತ್ತಳಾದ ನನಗೆ ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ನಮ್ಮ ಮಗುವಿಗೆ ಕನ್ನಡ ಹತ್ತೋದಿಲ್ಲ ಎಂದು ಟಿ.ಸಿ. ತೆಗೆದುಕೊಂಡು ಹೋದ ಎಷ್ಟೋ ಅಪ್ಪ ಅಮ್ಮಂದಿರನ್ನು ನೋಡಿದ್ದೆ. ಈಗ ನಾಯಿಯ ಸರದಿ.

ಮೂರನೇ ದಿನಕ್ಕೇ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದೆವು. ಕಾರಣ ಭಾಷೆಯಲ್ಲ, ಸರಪಳಿ. ಎಳೆದರೆ ಕುತ್ತಿಗೆಗೆ ಬಿಗಿದುಕೊಳ್ಳುವ ಸ್ಟೀಲಿನ ಸರಪಳಿ ಅದು. “ಸಿಟ್” ಎಂದು ಜಗ್ಗಿದಾಗ ಮಂಡಕ್ಕಿ ಕೂತಿತು, ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಬೆತ್ತ ಹಿಡಿದವಳೇ. ಮಗ್ಗಿ ತಪ್ಪಿದ ಹುಡುಗನೊಬ್ಬ ನನ್ನ ಮುಂದೆ ಹೀಗೇ ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಇವತ್ತಿಗೂ ಅವನ ಮುಖ ಮರೆತಿಲ್ಲ. ಆಮೇಲೆ ನಲಿ-ಕಲಿ ಬಂತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಆ ಪದ್ಧತಿ ನಮ್ಮ ಶಾಲೆಯನ್ನು ಮುಟ್ಟಲು ವರ್ಷಗಳೇ ಹಿಡಿದವು. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಗೆ ಕಾರ್ಡು. ಮಗು ಒಂದು ಮೆಟ್ಟಿಲು ಹತ್ತಿದ ಮೇಲೆ ಇನ್ನೊಂದು, ಹತ್ತದಿದ್ದರೆ ಕಾಯುವುದು ಟೀಚರ ಕೆಲಸ. ನಾಯಿಗೂ ಇಷ್ಟೇ ಸಾಕಲ್ಲ ಅನ್ನಿಸಿತು.

ಮಂಡಕ್ಕಿ ಸಿಕ್ಕಿದ್ದು ಎರಡು ವರ್ಷದ ಹಿಂದಿನ ಆಷಾಢದಲ್ಲಿ, ಶಿವಮೊಗ್ಗದ ವಿನೋಬನಗರದ ಹಾಲಿನ ಬೂತಿನ ಹತ್ತಿರ, ನಿಲ್ಲಿಸಿದ್ದ ಆಟೋದ ಕೆಳಗೆ. ಜಿಟಿಜಿಟಿ ಮಳೆ. ನನ್ನ ಚೀಲದಲ್ಲಿ ಒಂದು ಸೇರು ಮಂಡಕ್ಕಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಹಿಡಿ ಹಾಕಿದೆ, ಮುಗಿಸಿ ನನ್ನ ಸೀರೆಯ ನೆರಿಗೆ ಹಿಡಿದು ಮನೆವರೆಗೂ ಬಂತು. ಹೆಸರು ಹಾಗೆ ನಿಂತಿತು. ‘777 ಚಾರ್ಲಿ’ ಸಿನಿಮಾ ನೋಡಿದ ದಿನದಿಂದ ಲ್ಯಾಬ್ರಡಾರ್ ಬೇಕೆಂದು ಕೂತಿದ್ದ ಮಗನ ಮುಖ ಸಪ್ಪಗಾಯಿತು. ಎಂಬತ್ತನಾಲ್ಕು ವರ್ಷದ ಅತ್ತೆ, ತೀರ್ಥಹಳ್ಳಿ ಕಡೆಯವರು, “ಹೆಣ್ಣು ಕುನ್ನಿನ ಯಾರಾದ್ರೂ ಮನೆಗೆ ತರ್ತಾರನೇ ಮಾರಾಯ್ತಿ?” ಎಂದರು. ಪಶು ಆಸ್ಪತ್ರೆಯ ಡಾಕ್ಟರು ಮಾತ್ರ ಹಲ್ಲು ಬಿಡಿಸಿ ನೋಡಿ, “ಒಳ್ಳೇದಾಯ್ತು. ನಾಡನಾಯಿ, ನಮ್ಮ ಹವೆಗೆ ಹುಟ್ಟಿದ್ದು” ಎಂದರು. ಮಂಡಕ್ಕಿ ಕೊಡಿ, ಆದರೆ ಒಗ್ಗರಣೆ ಹಾಕಿದ್ದು ಬೇಡ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ ಎಂದೂ ಹೇಳಿದರು. ಅಲ್ಲಿಯವರೆಗೆ ನನಗದು ಗೊತ್ತಿರಲಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡ ವಿಷವಂತೆ. ಪಾಯಸದ ದಿನ ನಮ್ಮನೆಯಲ್ಲಿ ಈಗಲೂ ಒಂದು ಕಣ್ಣು ನೆಲದ ಮೇಲೆ.

ಮೊದಲ ಮೂರು ತಿಂಗಳು ಹೇಗೆ ಹೋಯಿತು ಎಂದು ಕೇಳಬೇಡಿ. ‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ’ ಎಂಬ ಗಾದೆ ಕಟ್ಟಿದವರು ಮರಿಯನ್ನು ಸಾಕಿದವರೇ ಇರಬೇಕು. ಹಜಾರದ ತುಂಬ ಹಳೆ ಪತ್ರಿಕೆ ಹಾಸಿದ್ದೆವು. ಯಾವ ಕೆಲಸಕ್ಕೆ ಎಂದು ಸಂಪಾದಕರು ಊಹಿಸಿ ಕ್ಷಮಿಸಬೇಕು. ನಾಯಿಮರಿಗೆ 28 ಹಾಲುಹಲ್ಲು. ನಾಲ್ಕರಿಂದ ಆರು ತಿಂಗಳೊಳಗೆ ಅವು ಬಿದ್ದು 42 ಹೊಸ ಹಲ್ಲು ಬರುತ್ತವೆ. ಒಸಡು ಕಡಿತಕ್ಕೆ ಕಂಡದ್ದೆಲ್ಲ ಬಾಯಿಗೆ. ನಮ್ಮವರ ಹವಾಯಿ ಚಪ್ಪಲಿ ಮೂರು ಜೊತೆ ಹೋದವು. ಮೂರೂ ಸಲ ಎಡಗಾಲಿನದ್ದೇ. ಕೊನೆಗೆ ಫ್ರಿಜ್ಜಿನಲ್ಲಿಟ್ಟ ಕ್ಯಾರೆಟ್ ಕೊಟ್ಟು ಉಳಿದದ್ದನ್ನು ಉಳಿಸಿಕೊಂಡೆವು. ಉಣುಗಿನ ಕತೆ ಬೇರೆ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಅತ್ತೆ ಹುಡುಗಿ. ನಾಯಿಯ ಕಿವಿಯಲ್ಲಿ ಒಂದು ಉಣುಗು ಕಂಡರೆ ಸಾಕು, ಜ್ವರ ಬಂದವರ ಹಾಗೆ ನಡುಗುತ್ತಿದ್ದರು. ಊರ ನಾಯಿಗೆ ಹತ್ತುವ ಉಣುಗು ಬೇರೆ ಜಾತಿ, ಮಂಗನ ಕಾಯಿಲೆ ಹರಡುವ ಕಾಡಿನ ಉಣುಗು ಬೇರೆ ಎಂದು ಡಾಕ್ಟರೇ ಬಂದು ಹೇಳಬೇಕಾಯಿತು.

ಇಷ್ಟಾದ ಮೇಲೆ ಪಾಠ. ಕೂರುವುದನ್ನು ಕಲಿಸುವುದು ಎಲ್ಲಕ್ಕಿಂತ ಸುಲಭ. ಮುಷ್ಟಿಯಲ್ಲಿ ನಾಲ್ಕು ಕಾಳು ಮಂಡಕ್ಕಿ ಹಿಡಿದು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ದರೆ ನಾಯಿ ಕತ್ತು ಎತ್ತುತ್ತದೆ, ಹಿಂಭಾಗ ತಾನಾಗಿ ನೆಲ ಮುಟ್ಟುತ್ತದೆ. ಮುಟ್ಟಿದ ಕ್ಷಣ ಪದ, ಪದದ ಬೆನ್ನಿಗೇ ಮಂಡಕ್ಕಿ. ಎರಡು ದಿನದಲ್ಲಿ ಕಲಿತೇ ಬಿಟ್ಟಿತು. ತೊಂದರೆ ಶುರುವಾದದ್ದು ಅದರ ನಂತರ, ಪದ ಯಾವುದು ಎನ್ನುವಲ್ಲಿ. ನಾನು “ಕೂರು” ಎನ್ನುತ್ತಿದ್ದೆ. ಅತ್ತೆ “ಕೂತ್ಕ” ಎನ್ನುತ್ತಿದ್ದರು. ಹುಬ್ಬಳ್ಳಿಯ ಸೊಸೆ “ಕುಂದ್ರು” ಎಂದಳು. “ಅತ್ತೀ, ಕುಂದ್ರು ಅಂದ್ರ ನಾಯಿ ಏನು, ಮನಿಮಂದಿ ಎಲ್ಲಾ ಕುಂದರತಾರ ನೋಡ್ರಿ” ಎಂದು ವಾದಿಸಿದಳು. ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುವ ಮಗ “ಸಿಟ್” ಬಿಡಲಿಲ್ಲ. ನಮ್ಮವರು ಏನೂ ಹೇಳದೆ ಬಿಸ್ಕತ್ತು ಕೊಡುತ್ತಿದ್ದರು. ಬೇಡ ಎನ್ನುವುದಕ್ಕೂ ಹಾಗೇ: ನೋ, ಬೇಡ, ಬ್ಯಾಡ, ಹಚಾ. ಮಂಡಕ್ಕಿ ಒಬ್ಬೊಬ್ಬರ ಮುಖವನ್ನೂ ನೋಡಿ ಕೊನೆಗೆ ಬಿಸ್ಕತ್ತು ಕೊಡುವವರ ಕಾಲ ಬಳಿ ಹೋಗಿ ಮಲಗುತ್ತಿತ್ತು.

ಮಗನ ವಾದದಲ್ಲಿ ಹುರುಳಿತ್ತು, ಒಪ್ಪುತ್ತೇನೆ. “ಅಮ್ಮ, ನಿಮ್ಮ ಮೂರು ಕನ್ನಡಕ್ಕಿಂತ ಒಂದು ಇಂಗ್ಲಿಷ್ ಪದ ವಾಸಿ ಅಲ್ವಾ? ನಾಯಿಗೆ ಬೇಕಾಗಿರೋದು ಒಂದೇ ಸದ್ದು.” ಒಂದೇ ಸದ್ದು ಬೇಕು ನಿಜ. ಆದರೆ ಆ ಸದ್ದು ಯಾರ ಬಾಯಲ್ಲಿ ಸಲೀಸಾಗಿ ಹೊರಡಬೇಕು? ಮಗ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ಸಂಜೆ ಏಳಕ್ಕೆ ತೆಗೆಯುತ್ತಾನೆ. ನಾಯಿಯ ಜೊತೆ ಹಗಲೆಲ್ಲ ಇರುವವರು ಅತ್ತೆ, ನಾನು, ಪಾತ್ರೆ ತೊಳೆಯಲು ಬರುವ ಹೆಂಗಸು. ನಾವು ಊರಿಗೆ ಹೋದರೆ ಅನ್ನ ಹಾಕುವವನು ಎದುರು ಮನೆಯ ಹುಡುಗ.

ನಮ್ಮ ಬೀದಿಯ ಬ್ರೂನೋನನ್ನೇ ನೋಡಿ. ಚಂದದ ಲ್ಯಾಬ್ರಡಾರ್, ಯಜಮಾನ “ಸ್ಟೇ” ಅಂದರೆ ಕಲ್ಲಿನ ಬಸವನ ಹಾಗೆ ನಿಲ್ಲುತ್ತದೆ. ಆತ ಹದಿನೈದು ದಿನ ಊರಲ್ಲಿರಲಿಲ್ಲ. ಒಂದು ಸಂಜೆ ಗುಡುಗು ಮಳೆಯಲ್ಲಿ ಬ್ರೂನೋ ತಾರಸಿ ಹತ್ತಿ ನೀರಿನ ಟ್ಯಾಂಕಿನ ಸಂದಿಯಲ್ಲಿ ಸೇರಿಕೊಂಡಿತು. ಆತನ ವಯಸ್ಸಾದ ತಾಯಿ ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತು “ಕಮ್ಮು ಬಾರೋ, ಕಮ್ಮು ಬಾರೋ” ಎಂದು ಅರ್ಧ ಗಂಟೆ ಕರೆದರು. ಅದು ಕಿವಿ ನಿಮಿರಿಸಿ ಕೇಳಿತು, ಬರಲಿಲ್ಲ. ನಾಲ್ಕು ಜನ ಹತ್ತಿ ಇಳಿಸಿದೆವು. ಅದೇ ಮಳೆಗಾಲದಲ್ಲಿ 100 ಅಡಿ ರಸ್ತೆಯ ಬದಿ ಮಂಡಕ್ಕಿಯ ಹಗ್ಗದ ಕೊಂಡಿ ಕಳಚಿತು. ಒಂದು ಬೆಕ್ಕು, ಅದರ ಹಿಂದೆ ಮಂಡಕ್ಕಿ, ಎದುರಿಗೆ ಬಸ್ಸು. ನನಗೆ ದನಿಯೇ ಹೊರಡಲಿಲ್ಲ. ಹೂ ಕಟ್ಟುತ್ತ ಕೂತಿದ್ದ ಹೆಂಗಸು ಕೂತಲ್ಲಿಂದಲೇ “ಬಾ ಇಲ್ಲಿ!” ಎಂದು ಕೂಗಿದಳು. ಮಂಡಕ್ಕಿ ಗಕ್ಕನೆ ನಿಂತು ಅವಳತ್ತ ತಿರುಗಿತು. ಆವತ್ತಿನಿಂದ ಮಗ ‘ಕಮ್’ ಎನ್ನುವುದನ್ನು ಬಿಟ್ಟ.

ಇದನ್ನು ಕನ್ನಡ ಉಳಿಸುವ ಹೋರಾಟ ಎಂದು ದಯವಿಟ್ಟು ತಿಳಿಯಬೇಡಿ. ನಾಯಿಯ ಮಟ್ಟಿಗೆ ಎಲ್ಲ ಭಾಷೆಯೂ ಒಂದೇ ಎಂದು ನಾನೂ ನಂಬಿದ್ದೆ. ಪೂರ್ತಿ ಹಾಗಲ್ಲವಂತೆ. ಮೆಕ್ಸಿಕೋದ ಲಾರಾ ಕುವಾಯಾ ಎಂಬ ವಿಜ್ಞಾನಿ ತಮ್ಮ ನಾಯಿ ಕುನ್-ಕುನ್ ಜೊತೆ ಬುಡಾಪೆಸ್ಟಿಗೆ ಹೋದರು. ಅದುವರೆಗೆ ಸ್ಪ್ಯಾನಿಷ್ ಮಾತ್ರ ಕೇಳಿದ್ದ ನಾಯಿಗೆ ಹಂಗೇರಿಯನ್ ಬೇರೆ ಭಾಷೆ ಎಂದು ತಿಳಿಯುತ್ತದೆಯೇ ಎಂಬ ಕುತೂಹಲ ಹುಟ್ಟಿತು. ಅಲ್ಲಿನ ಐಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದಲ್ಲಿ 18 ನಾಯಿಗಳನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಅಲುಗದೆ ಮಲಗುವಂತೆ ಪಳಗಿಸಿ (ಅದನ್ನು ಯೋಚಿಸಿಯೇ ನನಗೆ ಹೊಟ್ಟೆಕಿಚ್ಚು), ‘ಲಿಟ್ಲ್ ಪ್ರಿನ್ಸ್’ ಕತೆಯನ್ನು ಎರಡೂ ಭಾಷೆಯಲ್ಲಿ ಕೇಳಿಸಿದರು. ಮನೆಯ ಭಾಷೆಗೂ ಪರಭಾಷೆಗೂ ನಾಯಿಯ ಮಿದುಳು ಬೇರೆಬೇರೆಯಾಗಿ ಸ್ಪಂದಿಸಿತು. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಹೆಚ್ಚು ಸ್ಪಷ್ಟವಾಗಿತ್ತು. ಅದೇ ವಿಶ್ವವಿದ್ಯಾಲಯದವರು 2016ರಲ್ಲಿ ಇನ್ನೊಂದು ವಿಷಯ ಕಂಡುಕೊಂಡಿದ್ದರು: ಹೊಗಳುವ ಪದ ಮತ್ತು ಹೊಗಳುವ ದನಿ ಎರಡೂ ಕೂಡಿ ಬಂದರೆ ಮಾತ್ರ ನಾಯಿಯ ಮಿದುಳಿನಲ್ಲಿ ಖುಷಿಯ ಜಾಗ ಚುರುಕಾಗುತ್ತದೆ. ಇದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು “ಜಾಣೆ” ಎನ್ನುವುದು ಕಡತಕ್ಕೆ ಸಹಿ ಹಾಕುವ ದನಿಯಲ್ಲಿ.

ನಿಮ್ಮನ್ನೇ ಒಮ್ಮೆ ಕೇಳಿಸಿಕೊಳ್ಳಿ. ಎತ್ತಿಗೆ, ಹಸುವಿಗೆ, ಬೆಕ್ಕಿಗೆ ನಾವು ಕನ್ನಡದಲ್ಲೇ ಹೇಳುತ್ತೇವೆ. ನಾಯಿಯನ್ನು ಮುದ್ದು ಮಾಡುವಾಗಲೂ ಕನ್ನಡವೇ. ಅಪ್ಪಣೆ ಕೊಡುವಾಗ ಮಾತ್ರ ಇದ್ದಕ್ಕಿದ್ದಂತೆ ದೊರೆಗಳಾಗುತ್ತೇವೆ. ಮುಧೋಳದ ಸುತ್ತಿನ ಹೊಲಗಳಲ್ಲಿ ಬೇಟೆನಾಯಿ ಸಾಕಿದವರು ತಲೆಮಾರುಗಳಿಂದ ಯಾವ ಇಂಗ್ಲಿಷಿನಲ್ಲಿ ಕರೆದರು? ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ತನ್ನ ಹುಲಿಯನಿಗೆ “ಕಮಾನ್ ಬಾಯ್” ಎಂದಿದ್ದರೆ ಹೇಗಿರುತ್ತಿತ್ತು ಎಂದು ಅತ್ತೆಯ ಮುಂದೆ ಹೇಳಿದೆ, ಬಾಯಿಗೆ ಸೆರಗು ಹಿಡಿದು ನಕ್ಕರು.

ಆದರೂ ನಮ್ಮ ಪದಕೋಶ ಕಟ್ಟುವುದು ಸಲೀಸಾಗಿರಲಿಲ್ಲ. ‘ಬಾ’, ‘ಬಿಡು’, ‘ಬೇಡ’ ಮೂರೂ ಬಕಾರ. ದೂರದಿಂದ, ಗಾಡಿಗಳ ಗಲಾಟೆಯಲ್ಲಿ, ನಾಯಿಯ ಕಿವಿಗೆ ಮೂರೂ ಒಂದೇ ಆಗುತ್ತಿತ್ತು. ಸತ್ತ ಇಲಿಯನ್ನು ಬಿಡು ಎಂದರೆ ಬಾಯಲ್ಲಿ ಹಿಡಿದುಕೊಂಡೇ ಹತ್ತಿರ ಓಡಿ ಬರುತ್ತಿತ್ತು, ಬಾಲ ಆಡಿಸಿಕೊಂಡು. ‘ಬೇಡ’ವನ್ನು ಕೈಬಿಟ್ಟು “ಉಹುಂ” ಎಂದೆವು. ಶಿವಮೊಗ್ಗವೋ ಹುಬ್ಬಳ್ಳಿಯೋ, ತೊಟ್ಟಿಲ ಮಗುವೋ ಮುದುಕಿಯೋ, ಕನ್ನಡ ನಾಡಿನಲ್ಲಿ ಯಾರಿಗೂ ಕಲಿಸಬೇಕಿಲ್ಲದ ಪದ. ಕೂರುವ ವಿಷಯದಲ್ಲಿ ಮಂಡಕ್ಕಿಯೇ ರಾಜಿ ಮಾಡಿಸಿತು: ಕೂರು, ಕೂತ್ಕ, ಕುಂದ್ರು, ಮೂರರಲ್ಲೂ ಮೊದಲ ಸದ್ದು ಹಿಡಿದುಕೊಂಡು ಕೂರತೊಡಗಿತು. ಅಡುಗೆಮನೆಯಿಂದ “ಕುಕ್ಕರ್ ಇಳಿಸು” ಎಂದರೂ ಕೂರುತ್ತದೆ, ಆ ಮಾತು ಬೇರೆ. ಇರು ಎನ್ನಲು ‘ತಾಳು’. ಒಟ್ಟು ಐದು ಪದ, ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ: ಬಾ, ಬಿಡು, ಕೂರು, ತಾಳು, ಉಹುಂ. ನಾಯಿ ಅವನ್ನು ಮೂರು ವಾರದಲ್ಲಿ ಕಲಿಯಿತು. ಮನೆಯವರಿಗೆ ಒಂದು ವರ್ಷ ಬೇಕಾಯಿತು. ನಮ್ಮವರು ಇನ್ನೂ ಮೂರನೇ ಮೆಟ್ಟಿಲಲ್ಲಿದ್ದಾರೆ.

ಅಷ್ಟರಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ‘ಅದು’ ಎನ್ನುತ್ತಿದ್ದವಳು ‘ಅವಳು’ ಎನ್ನತೊಡಗಿದ್ದೆ. ಪ್ರಾಣಿಗಳು ನಪುಂಸಕಲಿಂಗ ಎಂದು ಮೂವತ್ತು ವರ್ಷ ಕಲಿಸಿದ ಬಾಯಿ ಇದು.

ಬೀದಿನಾಯಿಗಳನ್ನು ಎಲ್ಲಿಡಬೇಕು ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ವಾದವನ್ನು ದೇಶವೆಲ್ಲ ಕೂತು ಕೇಳಿತು. ನಮ್ಮ ಬೀದಿಯಲ್ಲೂ ಎರಡು ಪಕ್ಷಗಳಾದವು. ಆ ದೊಡ್ಡ ಜಗಳಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ. ಮನೆಯೊಳಗೆ ನಾಯಿ ತಂದವರಿಗೆ ಮಾತ್ರ ಟೀಚರ ದನಿಯಲ್ಲೇ ಹೇಳುತ್ತೇನೆ. ಮೂರು ತಿಂಗಳು ತುಂಬಿದಾಗ ರೇಬಿಸ್ ಚುಚ್ಚುಮದ್ದು, ಮತ್ತೆ ವರ್ಷ ವರ್ಷ. ಹೊರಗೆ ಹೋದರೆ ಹಗ್ಗ, ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ. ಪಕ್ಕದ ಮನೆಯ ರಂಗೋಲಿ ನಿಮ್ಮ ನಾಯಿಯ ಪಾಯಿಖಾನೆಯಲ್ಲ. ಮರಿ ಹಾಕಿಸಿ ಊರಿಗೆಲ್ಲ ಹಂಚುವ ಶಕ್ತಿ ಇಲ್ಲದಿದ್ದರೆ ಆಪರೇಷನ್ ಮಾಡಿಸಿ. ತರಬೇತಿಗೆ ಯಾರನ್ನಾದರೂ ಕರೆಸುವಿರಾದರೆ ಮೊದಲು ಅವರ ಕೈಯಲ್ಲೇನಿದೆ ನೋಡಿ. ಆಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬಾಯಿಗೆ ಬರುವ ಪದವನ್ನೇ ನಾಯಿಗೆ ಕಲಿಸಲು ಹೇಳಿ. ಒಪ್ಪದಿದ್ದರೆ ಕಾಫಿ ಕೊಟ್ಟು ಕಳಿಸಿ.

ಒಂದು ಪದದಲ್ಲಿ ಮಾತ್ರ ನಾನು ಸೋತೆ. “ಹಚಾ” ಎನ್ನಬೇಡಿ, ಅದು ಓಡಿಸುವ ಮಾತು ಎಂದು ಅತ್ತೆಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಎಂಬತ್ತು ವರ್ಷದ ಅಭ್ಯಾಸ. ಮಧ್ಯಾಹ್ನ ಊಟ ಮುಗಿಸಿ “ಹಚಾ, ಹಚಾ” ಎನ್ನುತ್ತ ಜಗಲಿಗೆ ಹೋಗುತ್ತಾರೆ. ಹೋಗಿ ಕೂತು, ಸೆರಗಿನಲ್ಲಿ ಬಚ್ಚಿಟ್ಟುಕೊಂಡ ರೊಟ್ಟಿ ಚೂರನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳಿಗೆ ಕೊಡುತ್ತಾರೆ. ಹೀಗಾಗಿ ಮಂಡಕ್ಕಿಯ ನಿಘಂಟಿನಲ್ಲಿ ‘ಹಚಾ’ ಎಂದರೆ ‘ಹತ್ತಿರ ಬಾ, ತಿನ್ನಲು ಇದೆ’ ಎಂದರ್ಥ. ಪೋಸ್ಟಿನವರು, ಸಿಲಿಂಡರಿನ ಹುಡುಗರು, ವಿನೋಬನಗರಕ್ಕೆ ಬರುವ ನೆಂಟರಿಷ್ಟರು ಗಮನಿಸಬೇಕು: ಕಂದು ಬಣ್ಣದ, ಎಡಗಿವಿ ಮಡಿಚಿದ ನಾಯಿಯೊಂದು ಎದುರಾದರೆ ಹೆದರಿ ಹಚಾ ಎನ್ನಬೇಡಿ. ಮೈಮೇಲೇ ಬರುತ್ತಾಳೆ. ಉಹುಂ ಎನ್ನಿ, ನಿಲ್ಲುತ್ತಾಳೆ.