ಕೊಪೆರ್ನಿಕ್ ಎಂಬ ಅಡ್ಡಹೆಸರು

ಈ ವರ್ಷ ಅಂತಿಮ ಪರೀಕ್ಷೆಯ ಅರ್ಜಿಯನ್ನು ತುಂಬಲು ಕುಳಿತಾಗ ನನ್ನ ಲೇಖನಿ ಮೊದಲನೆಯ ಸಾಲಿನಲ್ಲಿಯೇ ನಿಂತುಬಿಟ್ಟಿತು. ಅಲ್ಲಿ ಬರೆದ ಹೆಸರೇ ನಾಳೆ ಪದವಿಪತ್ರದಲ್ಲಿ ಅಚ್ಚಾಗತಕ್ಕದ್ದು. ಆಮೇಲೆ ತಿದ್ದಬೇಕೆಂದರೆ ಪ್ರಮಾಣಪತ್ರ ಮಾಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಮನೆತನದ ಹೆಸರು ಪದವಿಪತ್ರವೊಂದರ ಮೇಲೆ ಬೀಳುವುದೂ ಇದೇ ಮೊದಲು. ಆ ಹೆಸರು ಉಳ್ಳಾಗಡ್ಡಿ.

ನಮ್ಮ ಮುತ್ತಜ್ಜ ಎತ್ತಿನ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ಉಳ್ಳಾಗಡ್ಡಿ ಒಯ್ದು ಮಾರುತ್ತಿದ್ದನಂತೆ. ಜನ ಅವನನ್ನು ಹಾಗೆ ಕರೆದರು. ಶಾಲೆಯ ಮಾಸ್ತರರು ಅದನ್ನೇ ದಾಖಲೆಯಲ್ಲಿ ಬರೆದುಕೊಂಡರು. ಊರಿನಲ್ಲಿದ್ದಷ್ಟು ದಿನ ಈ ಹೆಸರಿನಲ್ಲಿ ನಗುವಂಥದೇನೂ ಕಾಣಲಿಲ್ಲ. ಬೆಲ್ಲದ, ಎಣ್ಣಿ, ಮೆಣಸಿನಕಾಯಿ ಎಂಬ ಅಡ್ಡಹೆಸರಿನವರು ನೆರೆಹೊರೆಯಲ್ಲಿಯೇ ಇರುವಾಗ ನಗುವವರಾದರೂ ಯಾರು? ಪಟ್ಟಣಕ್ಕೆ ಬಂದು ಮೊದಲನೆಯ ದಿನ ಹಾಜರಿ ಕೂಗಿದಾಗ ಮಾತ್ರ ಹಿಂದಿನ ಬೆಂಚುಗಳಿಂದ ನಗೆ ಕೇಳಿಸಿತು. ವಸತಿಗೃಹದಲ್ಲಿ ನಾನು ‘ಕಣ್ಣೀರು ತರಿಸುವ ಹುಡುಗ’ನಾದೆ. ಗೆಳೆಯರು ಕೇಡು ಬಗೆದವರಲ್ಲ, ಬಲ್ಲೆ. ಆದರೂ ಮೂರು ವರ್ಷ ಒಂದೇ ವಿನೋದವನ್ನು ಕೇಳಿದವನಿಗೆ ಅದು ವಿನೋದವಾಗಿ ಉಳಿಯುವುದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಸೋದರಮಾವ ಹಿತವಚನ ಹೇಳಿದರು: “ಅಳಿಯಾ, ನಾಳೆ ಸಾಹೇಬರ ಮುಂದ ಸಂದರ್ಶನಕ್ಕ ಕೂಡತಿ. ಈ ಹೆಸರು ಕೇಳಿದ್ರ ಅವರು ನಕ್ಕಾರು. ನಿಮ್ಮಪ್ಪನ ಹೆಸರಷ್ಟ ಇಟ್ಕೊಂಡು ಉಳ್ಳಾಗಡ್ಡಿ ಬಿಟ್ಟುಬಿಡು.” ಮಾವನ ಮಾತು ನನಗೂ ಸರಿಯೆಂದೇ ತೋರಿತು.

ಹೀಗಿರಲು, ಯುರೋಪಿನ ಇತಿಹಾಸದ ಪಾಠಕ್ಕಾಗಿ ಗ್ರಂಥಾಲಯದಲ್ಲಿ ಕೋಪರ್ನಿಕಸನನ್ನು ಕುರಿತು ಓದುವ ಸಂದರ್ಭ ಬಂದಿತು. ಭೂಮಿಯು ಸೂರ್ಯನ ಸುತ್ತ ತಿರುಗುತ್ತದೆಂದು 1543ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ಆ ಮಹಾಶಯನನ್ನು ನಾವೆಲ್ಲ ಹೈಸ್ಕೂಲಿನಿಂದಲೇ ಬಲ್ಲೆವು. ಆದರೆ ಕೋಪರ್ನಿಕಸ್ ಎಂಬುದು ಲ್ಯಾಟಿನ್ ಉಡುಪು ತೊಡಿಸಿದ ಹೆಸರು. ಪೋಲಿಷ್ ಭಾಷೆಯಲ್ಲಿ ಅವನು ಮಿಕೊವಾಯ್ ಕೊಪೆರ್ನಿಕ್. ಈ ‘ಕೊಪೆರ್ನಿಕ್’ ಎಂದರೇನು? ಅದು ಎಲ್ಲಿಂದ ಬಂದಿತು? ಈ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ದೊರೆತ ಉತ್ತರ ನನ್ನ ಅರ್ಜಿಯ ತೊಡಕನ್ನೂ ಬಿಡಿಸಿತು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂದಿನ ಪೋಲೆಂಡಿನ ನೈರುತ್ಯ ಭಾಗದಲ್ಲಿ, ಸೈಲೀಸಿಯ ಪ್ರಾಂತದ ನಿಸಾ ಪಟ್ಟಣದ ಸಮೀಪ, ಕೊಪೆರ್ನಿಕಿ ಎಂಬ ಹಳ್ಳಿಯಿದೆ. ಆ ಹಳ್ಳಿಯಿಂದ ಬಂದವನನ್ನು ಬೇರೆ ಊರಿನವರು ಕೊಪೆರ್ನಿಕ್ ಎಂದು ಕರೆದರು. 14ನೆಯ ಶತಮಾನದ ಕೊನೆಗಾಗಲೇ ಈ ಹೆಸರಿನವರು ಕ್ರಾಕೌ ನಗರದಲ್ಲಿದ್ದರು. ಜ್ಯೋತಿರ್ವಿದನ ತಂದೆಯೂ ಕ್ರಾಕೌ ನಗರದ ವರ್ತಕನೇ. ಅವನು 1458ರ ಸುಮಾರಿಗೆ ತೋರುನ್ ಪಟ್ಟಣಕ್ಕೆ ಬಂದು ನೆಲಸಿದ. ಮಗ ಹುಟ್ಟಿದ್ದು ಅಲ್ಲಿಯೇ, 1473ರಲ್ಲಿ.

ಇನ್ನು ಹಳ್ಳಿಗೆ ಆ ಹೆಸರು ಬಂದದ್ದು ಹೇಗೆ? ಪೋಲಿಷ್ ಭಾಷೆಯಲ್ಲಿ ‘ಕೊಪೆರ್’ ಎಂದರೆ ನಮ್ಮ ಸಬ್ಬಸಿಗೆ ಸೊಪ್ಪು. ಬೇಯಿಸಿದ ಹೊಸ ಆಲೂಗಡ್ಡೆಯ ಮೇಲೆ ಅದನ್ನು ಹೆಚ್ಚಿ ಉದುರಿಸಿಕೊಂಡು ತಿನ್ನುವುದು ಆ ದೇಶದ ರೂಢಿ. ‘ನಿಕ್’ ಎಂಬುದು ನಮ್ಮ ‘ಗಾರ’ ಪ್ರತ್ಯಯದಂಥದು: ‘ರೋಲಾ’ ಎಂದರೆ ಉಳುವ ಭೂಮಿ, ‘ರೋಲ್ನಿಕ್’ ಎಂದರೆ ಒಕ್ಕಲಿಗ. ಹಾಗಾದರೆ ಕೊಪೆರ್ನಿಕ್ ಸಬ್ಬಸಿಗೆ ಬೆಳೆಯುವವನು ಅಥವಾ ಮಾರುವವನು. ಕೊಪೆರ್ನಿಕಿ ಅಂಥವರ ಹಳ್ಳಿ. ಹೆಸರಿನ ಮೂಲ ತಾಮ್ರವೆಂದು ಹೇಳುವವರೂ ಇದ್ದಾರೆ. ಜರ್ಮನ್ ಭಾಷೆಯಲ್ಲಿ ತಾಮ್ರಕ್ಕೆ ‘ಕುಪ್ಫರ್’ ಎನ್ನುತ್ತಾರೆ, ತಂದೆ ತಾಮ್ರದ ವ್ಯಾಪಾರಿಯೂ ಆಗಿದ್ದ. ಆದರೆ ತಂದೆಯ ವ್ಯಾಪಾರದಿಂದ ಈ ಹೆಸರು ಬಂದಿರಲಾರದು. ಏಕೆಂದರೆ ಹೆಸರು ಅವನಿಗಿಂತ ಹಳೆಯದು. ಸೊಪ್ಪೋ ತಾಮ್ರವೋ, ಅಂತೂ ಲೋಕದ ದೃಷ್ಟಿಯನ್ನೇ ತಿರುಗಿಸಿದ ಈ ಹೆಸರು ಬಂದದ್ದು ಆಕಾಶದಿಂದಲ್ಲ, ಒಂದು ಹಳ್ಳಿಯ ಹೊಲದಿಂದ ಅಥವಾ ಕುಲುಮೆಯಿಂದ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನೆಂದು ಒಪ್ಪಿಕೊಳ್ಳುತ್ತೇನೆ.

ಪೋಲೆಂಡಿನ ಇತರ ಅಡ್ಡಹೆಸರುಗಳ ಕಥೆಯೂ ಬಹುಮಟ್ಟಿಗೆ ಇಂಥದೇ. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರು ನೋವಾಕ್. ಸುಮಾರು ಎರಡು ಲಕ್ಷ ಜನರಿಗಿದೆ. ಅದರ ಅರ್ಥ ‘ಹೊಸಬ’ ಎಂದಷ್ಟೇ. ಊರಿಗೆ ಹೊಸದಾಗಿ ಬಂದವನು ಎಲ್ಲ ಊರಿನಲ್ಲಿಯೂ ಒಬ್ಬನಿರುತ್ತಾನಲ್ಲವೆ? ಎರಡನೆಯದು ಕೊವಾಲ್ಸ್ಕಿ. ‘ಕೊವಾಲ್’ ಎಂದರೆ ಕಮ್ಮಾರ. ಕಮ್ಮಾರನಿಲ್ಲದ ಹಳ್ಳಿಯುಂಟೆ? ಕಪುಸ್ತಾ ಎಂಬ ಅಡ್ಡಹೆಸರಿದೆ, ಅದು ಎಲೆಕೋಸು. ವ್ರೂಬೆಲ್ ಎಂಬುದಿದೆ, ಅದು ಗುಬ್ಬಿ. ಓದುಗರೇ, ತ್ಸೆಬೂಲಾ ಎಂಬುದೂ ಇದೆ. ಅದು ಉಳ್ಳಾಗಡ್ಡಿ!

‘ಸ್ಕಿ’ ಎಂದು ಮುಗಿಯುವ ಹೆಸರುಗಳಿಗೆ ಬೇರೊಂದು ಚರಿತ್ರೆಯಿದೆ. ಮೊದಲು ಇಂಥ ಊರಿನ ಒಡೆಯನೆಂದು ಹೇಳಲು ಜಮೀನುದಾರ ಸರದಾರರು ಅದನ್ನು ತಮ್ಮ ಹಳ್ಳಿಯ ಹೆಸರಿಗೆ ಹಚ್ಚಿಕೊಂಡರು. ಅದು ಗೌರವದ ಗುರುತಾದ ಮೇಲೆ ಒಡೆತನವಿಲ್ಲದವರೂ ತಮ್ಮ ಕಸುಬಿನ ಹೆಸರಿಗೆ ಆ ಬಾಲ ಸೇರಿಸತೊಡಗಿದರು. ನೂರಾರು ವರ್ಷ ರೈತಾಪಿ ಜನರಿಗೆ ಸ್ಥಿರವಾದ ಅಡ್ಡಹೆಸರಿನ ಅಗತ್ಯವೇ ಬೀಳಲಿಲ್ಲ. 18 ಮತ್ತು 19ನೆಯ ಶತಮಾನಗಳಲ್ಲಿ ಸರ್ಕಾರಗಳು ಜನನ ಮರಣಗಳನ್ನು ದಾಖಲಿಸತೊಡಗಿದಾಗ, ಕಂದಾಯ ಮತ್ತು ಸೈನ್ಯಭರ್ತಿಯ ಲೆಕ್ಕ ಇಡತೊಡಗಿದಾಗ, ಬಾಯಿಮಾತಿನ ಹೆಸರುಗಳು ಕಾಗದದ ಮೇಲೆ ಗಟ್ಟಿಯಾದವು. ನಮ್ಮ ಮಾಸ್ತರರು ಮಾಡಿದ ಕೆಲಸವನ್ನೇ ಅಲ್ಲಿ ಗುಮಾಸ್ತರು ಮಾಡಿದರು.

ಹೆಸರುಗಳನ್ನು ಎಣಿಸಿದ ವಿದ್ವಾಂಸರೂ ಆ ದೇಶದಲ್ಲಿದ್ದಾರೆ. 1979ರಲ್ಲಿ ಪೋಲೆಂಡ್ ಸರ್ಕಾರವು ಪ್ರತಿಯೊಬ್ಬ ನಿವಾಸಿಗೂ ಹನ್ನೊಂದು ಅಂಕಿಯ ಸಂಖ್ಯೆ ಕೊಡುವ ಪದ್ಧತಿಯನ್ನು ಆರಂಭಿಸಿತು. ಆ ದಾಖಲೆಯ ಆಧಾರದ ಮೇಲೆ ಕಜಿಮಿಯೆಜ್ ರಿಮುತ್ ಎಂಬ ಭಾಷಾಪಂಡಿತರು ದೇಶದ ಅಡ್ಡಹೆಸರುಗಳ ನಿಘಂಟನ್ನು 1992ರಿಂದ 1994ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟಿಸಿದರು. ಯಾವ ಹೆಸರಿನವರು ಯಾವ ಪ್ರಾಂತದಲ್ಲಿ ಎಷ್ಟು ಜನರಿದ್ದಾರೆಂಬುದು ಅದರಲ್ಲಿದೆ. ಇಂಥ ಲೆಕ್ಕ ಓದುವಾಗ ಎಚ್ಚರವೂ ಬೇಕು. ಗಂಡ ಕೊವಾಲ್ಸ್ಕಿಯಾದರೆ ಹೆಂಡತಿ ಕೊವಾಲ್ಸ್ಕಾ; ತಿಳಿಯದವನು ಒಂದನ್ನೇ ಎರಡು ಹೆಸರೆಂದು ಎಣಿಸಿಯಾನು. ನೋವಾಕನ ಹೆಂಡತಿಯಾದರೋ ನೋವಾಕಳೇ.

ಈ ಲೆಕ್ಕದಲ್ಲಿ ಕೊಪೆರ್ನಿಕ್ ಬಹು ವಿರಳವಾದ ಹೆಸರು. ಅಷ್ಟು ಪ್ರಸಿದ್ಧವಾದ ಹೆಸರು ಇಷ್ಟು ವಿರಳವೇಕೆ? ಮಹಾಪುರುಷನ ಹೆಸರಾದುದರಿಂದ ವಿರಳವೆಂದು ಕೆಲವರಿಗೆ ತೋರಬಹುದು. ನಿಜವಾದ ಕಾರಣ ತೀರ ಸರಳ. ಕಮ್ಮಾರರು ಸಾವಿರ ಊರಿನಲ್ಲಿದ್ದರು, ಕೊಪೆರ್ನಿಕಿಯಂಥ ಊರು ಹತ್ತಾರಿರಲಿಲ್ಲ. ಜ್ಯೋತಿರ್ವಿದನ ಮನೆಯಲ್ಲಂತೂ ಹೆಸರು ಒಂದೇ ತಲೆಮಾರಿನಲ್ಲಿ ನಿಂತುಹೋಯಿತು. ಅವನೂ ಅವನ ಅಣ್ಣ ಆಂದ್ರೆಯ್‌ನೂ ಕ್ರೈಸ್ತ ಧರ್ಮಪೀಠದ ಅಧಿಕಾರಿಗಳಾಗಿದ್ದುದರಿಂದ ಮದುವೆಯಾಗಲಿಲ್ಲ. ಒಬ್ಬ ಅಕ್ಕ ಸನ್ಯಾಸಿನಿಯಾದಳು. ಇನ್ನೊಬ್ಬ ಅಕ್ಕ ಕತಜೀನಾ ಮದುವೆಯಾಗಿ ಐವರು ಮಕ್ಕಳನ್ನು ಹೆತ್ತಳು. ಆ ಮಕ್ಕಳನ್ನು ಕೋಪರ್ನಿಕಸ್ ಅಕ್ಕರೆಯಿಂದ ನೋಡಿಕೊಂಡನು. ಆದರೆ ಅವರಿಗೆ ಬಂದದ್ದು ತಂದೆಯ ಮನೆತನದ ಹೆಸರು. ಇಂದು ಎಲ್ಲಿಯಾದರೂ ಒಬ್ಬ ಕೊಪೆರ್ನಿಕ್ ಸಿಕ್ಕಿದರೆ ಅವನು ಜ್ಯೋತಿರ್ವಿದನ ಮಗನ ಕಡೆಯ ವಂಶಸ್ಥನಲ್ಲವೆಂಬುದು ನಿಶ್ಚಯ.

ಇದರ ಪರಿಣಾಮ ನಮ್ಮ ಕಾಲದಲ್ಲಿಯೂ ಕಂಡಿತು. 2005ರಲ್ಲಿ ಫ್ರೊಂಬೋರ್ಕ್ ಪಟ್ಟಣದ ದೊಡ್ಡ ಇಗರ್ಜಿಯ ನೆಲದಡಿಯಲ್ಲಿ ಕೋಪರ್ನಿಕಸನದೆಂದು ಊಹಿಸಲಾದ ಅಸ್ಥಿ ದೊರೆಯಿತು. ಹೋಲಿಸಿ ನೋಡಲು ಅವನಿಗೆ ಮಕ್ಕಳು ಮೊಮ್ಮಕ್ಕಳಿಲ್ಲ. ಕೊನೆಗೆ ನೆರವಾದದ್ದು ಅವನು ಬಳಸುತ್ತಿದ್ದ ಒಂದು ಪಂಚಾಂಗದ ಪುಸ್ತಕ. 17ನೆಯ ಶತಮಾನದ ಯುದ್ಧದಲ್ಲಿ ಸ್ವೀಡನ್ನಿನವರು ಅದನ್ನು ಕೊಳ್ಳೆಯಾಗಿ ಒಯ್ದಿದ್ದರು. ಉಪ್ಸಾಲದಲ್ಲಿದ್ದ ಆ ಪುಸ್ತಕದ ಹಾಳೆಗಳ ನಡುವೆ ಸಿಕ್ಕಿದ ಎರಡು ಕೂದಲೆಳೆಗಳ ವಂಶಾಣು ಅಸ್ಥಿಯ ವಂಶಾಣುವಿಗೆ ತಾಳೆಯಾಯಿತೆಂದು 2008ರಲ್ಲಿ ವಿಜ್ಞಾನಿಗಳು ಸಾರಿದರು. 2010ರ ಮೇ 22ರಂದು ಗೌರವದೊಡನೆ ಮತ್ತೆ ಸಮಾಧಿ ಮಾಡಲಾಯಿತು. ವಂಶ ಹೇಳಲಾರದ ಗುರುತನ್ನು ಅವನು ಓದಿದ ಪುಸ್ತಕ ಹೇಳಿತು! ಅದೇ ವರ್ಷ 112ನೆಯ ಮೂಲಧಾತುವಿಗೆ ಕೋಪರ್ನೀಸಿಯಮ್ ಎಂದು ಹೆಸರಾಯಿತು. ಮನೆಯಲ್ಲಿ ನಿಂತುಹೋದ ಹೆಸರು ಲೋಕದಲ್ಲಿ ಮುಂದುವರಿಯಿತು.

ಇಷ್ಟಾದರೂ ಆ ಹೆಸರಿಗಾಗಿ ಎರಡು ಜನಾಂಗಗಳು ಬಹುಕಾಲ ಜಗಳವಾಡಿದವು. ತೋರುನ್ ಪೋಲೆಂಡಿನ ಅರಸನಿಗೆ ಅಧೀನವಾಗಿದ್ದ, ಜರ್ಮನ್ ಮಾತಾಡುವ ವರ್ತಕರಿದ್ದ ಪಟ್ಟಣ. ಅವನು ತನ್ನ ಹೆಸರನ್ನು ಒಂದೇ ರೀತಿಯಾಗಿಯೂ ಬರೆಯಲಿಲ್ಲ. ಒಮ್ಮೆ ಒಂದು ‘ಪ’, ಒಮ್ಮೆ ಎರಡು. ಎರಡನೆಯ ಮಹಾಯುದ್ಧದಲ್ಲಿ ವಾರ್ಸಾ ನಗರವನ್ನು ಆಕ್ರಮಿಸಿದ ಜರ್ಮನರು, 1830ರಿಂದ ಅಲ್ಲಿ ನಿಂತಿದ್ದ ಅವನ ಪ್ರತಿಮೆಗೆ ಅವನು ಜರ್ಮನನೆಂದು ಸಾರುವ ಫಲಕ ಹಚ್ಚಿದರು. 1942ರ ಫೆಬ್ರವರಿಯಲ್ಲಿ ದವಿದೋವ್ಸ್ಕಿ ಎಂಬ ಇಪ್ಪತ್ತೊಂದು ವರ್ಷದ ತರುಣ ಆ ಫಲಕವನ್ನು ಬಿಚ್ಚಿ ತೆಗೆದನು. ಸೇಡಿಗಾಗಿ ಜರ್ಮನರು ಇನ್ನೊಬ್ಬ ದೇಶವೀರನ ಪ್ರತಿಮೆಯನ್ನೇ ಕೀಳಿಸಿದರು. ಆಗ, ಈ ತಪ್ಪಿಗಾಗಿ ಚಳಿಗಾಲವನ್ನು ಆರು ವಾರ ಮುಂದುವರಿಸಲಾಗಿದೆಯೆಂದು ಕೊಪೆರ್ನಿಕ್‌ನ ಹೆಸರಿನಲ್ಲಿ ಗೋಡೆಬರಹಗಳು ಕಾಣಿಸಿಕೊಂಡವು. ಮರುವರ್ಷ ಮಾರ್ಚಿಯಲ್ಲಿ, ಸೆರೆಸಿಕ್ಕ ಗೆಳೆಯನನ್ನು ಬಿಡಿಸುವ ಸಾಹಸದಲ್ಲಿ ಗಾಯಗೊಂಡು, ಆ ತರುಣ ತೀರಿಕೊಂಡನು. ಹೆಚ್ಚುಕಡಿಮೆ ನನ್ನ ವಯಸ್ಸಿನವನು. ತನ್ನದಲ್ಲದ ಒಂದು ಹೆಸರಿಗಾಗಿ ಅವನು ಪ್ರಾಣದ ಹಂಗು ತೊರೆದನು; ನಾನು ನನ್ನದೇ ಹೆಸರನ್ನು ನಗೆಗೆ ಅಂಜಿ ಬಿಡಹೊರಟಿದ್ದೆ.

ಹಾಗೆಂದು ಹೆಸರು ಬದಲಿಸಿದವರನ್ನೆಲ್ಲ ನಾನು ಹಳಿಯುವವನಲ್ಲ. ಅದೇ ಪೋಲೆಂಡಿನಲ್ಲಿ, ಅದೇ ಯುದ್ಧದಲ್ಲಿ, ಎಷ್ಟೋ ಯೆಹೂದ್ಯರು ಬೇರೆಯವರ ಹೆಸರಿನ ಕಾಗದಪತ್ರ ಹಿಡಿದು ಜೀವ ಉಳಿಸಿಕೊಂಡರು. ನಮ್ಮಲ್ಲಿಯೂ ಅಡ್ಡಹೆಸರು ಕೇಳಿದೊಡನೆ ಜಾತಿ ಅಳೆಯುವವರಿದ್ದಾರೆ. ಆ ಅಳತೆಗೋಲಿಗೆ ಸಿಕ್ಕಬಾರದೆಂದು ಹೆಸರು ಬಿಡುವವರದು ನ್ಯಾಯವಾದ ಕಾರಣ; ಅಲ್ಲಿ ನಾಚಿಕೊಳ್ಳಬೇಕಾದವನು ಅಳೆಯುವವನು. ಆದರೆ ಅಜ್ಜ ಮಾಡಿದ ಕೆಲಸ ಹಗುರವಾದದ್ದೆಂಬ ಭಾವನೆಯಿಂದ ಹೆಸರು ಬಿಡುವುದು ಬೇರೆ ಮಾತು. ನನ್ನ ಕಾರಣ ಆ ಎರಡನೆಯದಾಗಿತ್ತು.

ಪೋಲೆಂಡಿನ ಈ ಹೆಸರಿನಿಂದ ನಾನು ತಿಳಿದುಕೊಂಡದ್ದು ಇಷ್ಟು: ಅಡ್ಡಹೆಸರು ನಮ್ಮ ಹಿರಿಯರು ಎಲ್ಲಿದ್ದರು, ಏನು ಮಾಡಿಕೊಂಡಿದ್ದರು ಎಂಬುದನ್ನು ಹೇಳುತ್ತದೆ, ನಾವು ಏನಾಗುವೆವೆಂಬುದನ್ನು ಹೇಳುವುದಿಲ್ಲ. ಅದು ವಿರಳವಾದರೆ ಹೆಚ್ಚಲ್ಲ, ಎರಡು ಲಕ್ಷ ಜನರಿಗಿದ್ದರೆ ಕಡಿಮೆಯಲ್ಲ.

ಅರ್ಜಿ ಕೊಡುವ ಮುನ್ನ ಅಜ್ಜನಿಗೆ ಫೋನು ಮಾಡಿ, ಹೆಸರು ಹೇಗೆ ಬರೆಯಲೆಂದು ಕೇಳಿದೆ. ಅಜ್ಜನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಇರೂ ಹೆಸರು ಬರಿಯೋ ತಮ್ಮಾ, ಮತ್ತೇನು ಬರೀತಿ? ಮೊದಲ ಪಾಸಾಗೂದು ನೋಡು,” ಎಂದರು. ಇರುವ ಹೆಸರನ್ನೇ ಬರೆದಿದ್ದೇನೆ. ಪಾಸಾಗುವುದೊಂದು ಉಳಿದಿದೆ.