ಮಾಸ್ತರರ ಸ್ಟ್ಯಾಂಡು

"ನಮ್ಮ ಕಂಡಕ್ಟರಿಗೆ ಒಂದು ಒಳ್ಳೆಯ ಸ್ಟ್ಯಾಂಡ್ ಬೇಕು" ಎಂದು ಸಂಘದ ಸಭೆಯಲ್ಲಿ ನಾನು ಹೇಳಿದಾಗ, ಹಿರಿಯರೊಬ್ಬರು "ಯಾಕೆ, ಬೆಸ್ಟ್ ಬಸ್ಸಿನವರು ಕೊಡೋದಿಲ್ವೇ?" ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಆದರೆ ಆ ಹೊತ್ತಿಗೆ ನನ್ನ ಜೇಬಿನಲ್ಲಿ ನಮ್ಮ ವಾದ್ಯವೃಂದದ ಮಾಸ್ತರರ ರಾಜೀನಾಮೆ ಪತ್ರವಿತ್ತು.

ನಡೆದದ್ದು ಇಷ್ಟು. ಕಳೆದ ರಾಜ್ಯೋತ್ಸವಕ್ಕೆ ನಮ್ಮ ವಾದ್ಯವೃಂದ ವೇದಿಕೆ ಏರಿತ್ತು. ಆರು ಪಿಟೀಲು, ಎರಡು ಕೊಳಲು, ವೀಣೆ, ಕೀಬೋರ್ಡ್, ತಬಲಾ, ಮೃದಂಗ ಮತ್ತು ಹಾಡುವ ಹತ್ತು ಮಕ್ಕಳು. ಮೂರನೆಯ ಹಾಡಿನ ನಡುವೆ ಮಾಸ್ತರರು ಎಡಗೈಯಲ್ಲಿ ಹಾಳೆ ತಿರುವಿದರು. ಸ್ಟ್ಯಾಂಡಿನ ಸ್ಕ್ರೂ ಸಡಿಲಾಗಿ ತಲೆಭಾಗ ಮಗುಚಿತು. ಹಾಳೆಗಳೆಲ್ಲ ಕೆಳಗೆ ಬಿದ್ದು ಏಸಿಯ ಗಾಳಿಗೆ ಚೆಲ್ಲಾಪಿಲ್ಲಿಯಾದವು. ಅವರು ನಿಲ್ಲಿಸಲಿಲ್ಲ, ನೆನಪಿನಿಂದಲೇ ಕೈ ಆಡಿಸಿದರು. ಎರಡನೆಯ ಚರಣಕ್ಕೆ ಬರುವಾಗ ಕೊಳಲು ಮೊದಲೇ ನುಗ್ಗಿತು, ಮಕ್ಕಳು ಗೊಂದಲಗೊಂಡು ಸುಮ್ಮನಾದರು. ಸಭಿಕರು ಕನಿಕರದಿಂದ ಚಪ್ಪಾಳೆ ತಟ್ಟಿದರು. ಅದೇ ಅವರಿಗೆ ಹೆಚ್ಚು ನೋವಾಗಿದ್ದು.

"ಕಣ್ಣೂ ನೆನಪೂ ಕೈಕೊಡುತ್ತಿವೆ, ಬೇರೆಯವರನ್ನು ನೋಡಿಕೊಳ್ಳಿ" ಎಂದು ಎರಡೇ ಸಾಲು ಬರೆದು ನನ್ನ ಕೈಗಿತ್ತರು. ಅವರಿಗೆ 71 ವರ್ಷ. ಆ ಮಡಚುವ ತಂತಿಯ ಸ್ಟ್ಯಾಂಡನ್ನು ಆರುನೂರು ರೂಪಾಯಿಗೆ ಆನ್‌ಲೈನಿನಲ್ಲಿ ತರಿಸಿದವನು ಖಜಾಂಚಿಯಾದ ನಾನು. ತಪ್ಪು ಯಾರದೆಂದು ನನಗೆ ಗೊತ್ತಿತ್ತು.

ಸಭೆಯಲ್ಲಿ ಇನ್ನೊಬ್ಬರು, "ದೊಡ್ಡ ದೊಡ್ಡ ಕಂಡಕ್ಟರುಗಳಿಗೆ ಪುಸ್ತಕವೇ ಬೇಡ. ಟೋಸ್ಕನಿನಿ ಎಲ್ಲವನ್ನೂ ಬಾಯಿಪಾಠದಿಂದ ನಡೆಸುತ್ತಿದ್ದ" ಎಂದರು. ಮಾತು ನಿಜವೇ. 1886ರಲ್ಲಿ ರಿಯೋದಲ್ಲಿ, ಹತ್ತೊಂಬತ್ತರ ಹುಡುಗನಾಗಿದ್ದಾಗಲೇ, ಆತ 'ಆಯಿದಾ' ಒಪೆರಾವನ್ನು ನೆನಪಿನಿಂದ ನಡೆಸಿದ. ಆದರೆ ಆತನಿಗೆ ವಿಪರೀತ ಸಮೀಪದೃಷ್ಟಿ ಇತ್ತು. ಸ್ಟ್ಯಾಂಡಿನ ಮೇಲಿನ ಅಕ್ಷರ ಕಾಣದೆ ಬಾಯಿಪಾಠಕ್ಕೆ ಬಿದ್ದವನು ಆತ. ಕಣ್ಣಿನ ತೊಂದರೆ ಕಂಡಕ್ಟರನ ಅನರ್ಹತೆ ಎಂದು ಆ ಕಾಲದಲ್ಲೂ ಯಾರೂ ತೀರ್ಮಾನಿಸಲಿಲ್ಲ ಎಂದು ನಾನು ಹೇಳಿದೆ. ಐದು ಸಾವಿರಕ್ಕೆ ಮಂಜೂರಾತಿ ಸಿಕ್ಕಿತು.

ಅಂಗಡಿಗೆ ಹೋಗುವ ಮುನ್ನ ನರಿಮನ್ ಪಾಯಿಂಟಿನ ಎನ್‌ಸಿಪಿಎಗೆ ಹೋಗಿ, ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಛೇರಿಗೆ ಅಗ್ಗದ ಟಿಕೆಟ್ ತೆಗೆದು ಮೇಲಿನ ಬಾಲ್ಕನಿಯಲ್ಲಿ ಕುಳಿತೆ. ಸಂಗೀತಕ್ಕಿಂತ ಹೆಚ್ಚಾಗಿ ಸ್ಟ್ಯಾಂಡ್ ನೋಡಿದೆ. ವಾದಕರ ಸ್ಟ್ಯಾಂಡುಗಳು ಮುಖಕ್ಕೆದುರಾಗಿ ಓರೆಯಾಗಿದ್ದವು. ಕಂಡಕ್ಟರರದು ಮಾತ್ರ ತಗ್ಗಾಗಿ, ಹೆಚ್ಚುಕಡಿಮೆ ಊಟದ ಮೇಜಿನಂತೆ ಚಪ್ಪಟೆಯಾಗಿತ್ತು. ಕಾರಣ ಆಗ ಹೊಳೆಯಿತು. ವಾದಕನ ಸ್ಟ್ಯಾಂಡ್ ಅವನೊಬ್ಬನಿಗೆ ಕಂಡರೆ ಸಾಕು. ಕಂಡಕ್ಟರನ ಸ್ಟ್ಯಾಂಡ್ ಅವನಿಗೆ ಕಾಣಬೇಕು, ಉಳಿದವರಿಗೆ ಅವನ ಕೈಯನ್ನು ಮರೆಮಾಡಬಾರದು. ನಮ್ಮ ಮಾಸ್ತರರು ಅಕ್ಷರ ಕಾಣಲೆಂದು ಸ್ಟ್ಯಾಂಡನ್ನು ಎದೆಯೆತ್ತರಕ್ಕೆ ಏರಿಸಿಕೊಂಡಿದ್ದರು. ಮುಂದಿನ ಸಾಲಿನ ಪುಟ್ಟ ಮಕ್ಕಳಿಗೆ ಅವರ ಕೈ ಅರ್ಧ ಕಾಣುತ್ತಲೇ ಇರಲಿಲ್ಲ.

ಆಮೇಲೆ ಅಳತೆ. ಎಲ್ಲ ವಾದ್ಯಗಳ ಸಾಲುಗಳೂ ಒಂದೇ ಪುಟದಲ್ಲಿರಬೇಕಾದ್ದರಿಂದ ಅವರ ಪ್ರತಿ ಎ3 ಗಾತ್ರದ್ದು. ತೆರೆದಿಟ್ಟರೆ ಸುಮಾರು 60 ಸೆಂಟಿಮೀಟರ್ ಅಗಲ. ನಮ್ಮ ತಂತಿಯ ಸ್ಟ್ಯಾಂಡು ಅದಕ್ಕಿಂತ ಎಷ್ಟೋ ಕಿರಿದು. ಎರಡೂ ಬದಿ ಹಾಳೆ ಜೋತುಬಿದ್ದಾಗ ಒಂದು ಹಾಳೆ ತಿರುವಿದರೂ ಭಾರವೆಲ್ಲ ಒಂದೇ ಕಡೆ ವಾಲುತ್ತದೆ. ಬೀಳದೆ ಏನು ಮಾಡೀತು?

ಧೋಬಿ ತಲಾವಿನ ಕಡೆಯ ವಾದ್ಯದಂಗಡಿಗೆ ಮಾಸ್ತರರ ಪ್ರತಿಯನ್ನೇ ಹಿಡಿದುಕೊಂಡು ಹೋದೆ. ಇದೊಂದು ಮಾತು ನಿಮಗೂ ಹೇಳುತ್ತೇನೆ: ಬರಿಗೈಯಲ್ಲಿ ಹೋಗಬೇಡಿ. ಖಾಲಿ ಸ್ಟ್ಯಾಂಡುಗಳೆಲ್ಲ ಗಟ್ಟಿಯಾಗಿಯೇ ನಿಲ್ಲುತ್ತವೆ. ಪ್ರತಿ ಇಟ್ಟು, ಹಾಳೆ ತಿರುವಿ, ಅಂಚನ್ನು ಅಂಗೈಯಲ್ಲಿ ಒತ್ತಿ ನೋಡಬೇಕು. ಕಂಬವನ್ನು ಬೆರಳಿನಿಂದ ತಟ್ಟಬೇಕು. ಕಟಕಟ ಎಂದರೆ ಮೃದಂಗದ ಪೆಟ್ಟಿಗೂ ಹಾಗೇ ಎನ್ನುತ್ತದೆ, ಮೈಕು ಅದನ್ನು ಊರಿಗೆಲ್ಲ ಹೇಳುತ್ತದೆ. ಹಲಗೆ ತಂತಿಯದಲ್ಲ, ತಗಡಿನದು ಅಥವಾ ಮರದ್ದಾಗಿರಲಿ. ಬಣ್ಣ ಹೊಳಪಿಲ್ಲದ ಕಪ್ಪಾದರೆ ವೇದಿಕೆಯ ದೀಪ ಕಣ್ಣಿಗೆ ಹೊಡೆಯುವುದಿಲ್ಲ. ಕೆಳಗಿನ ತುಟಿ ಆಳವಾಗಿದ್ದರೆ ದಪ್ಪ ಪ್ರತಿ ಜಾರದು. ಕೆಳಗೊಂದು ತಟ್ಟೆಯಿದ್ದರೆ ಮುಂದಿನ ಹಾಡಿನ ಪ್ರತಿ, ಪೆನ್ಸಿಲ್ಲು, ಕನ್ನಡಕದ ಡಬ್ಬಿಗೆ ಜಾಗವಾಯಿತು.

ಎಲ್ಲಕ್ಕಿಂತ ಚೆನ್ನಾಗಿದ್ದ ಸ್ಟ್ಯಾಂಡಿಗೆ ಎರಕದ ಕಬ್ಬಿಣದ ಬುಡವಿತ್ತು. ಅಲುಗಿಸಿದರೂ ಅಲುಗದು. ಆದರೆ ನಮ್ಮ ಅಭ್ಯಾಸ ಡೊಂಬಿವಲಿಯಲ್ಲಿ, ಕಾರ್ಯಕ್ರಮ ಎಲ್ಲೆಲ್ಲೋ. ಲೋಕಲ್ ರೈಲಿನಲ್ಲಿ ಅದನ್ನು ಹೊತ್ತು ಹತ್ತುವವರು ಯಾರು? ಅಗಲದ ಹಲಗೆ ಕಳಚಿ ಬರುವಂಥ, ಮೂರು ಕಾಲಿನದನ್ನು ಆರಿಸಿದೆ. ಭಾರದ ಕೊರತೆಗೆ ನಾಟಕದವರ ಉಪಾಯ: ಕಾಲುಗಳ ಮೇಲೆ ಮರಳಿನ ಚೀಲ. ನಮ್ಮದು ಐದು ಕಿಲೋ ಸೋನಾ ಮಸೂರಿಯ ಚೀಲ. ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೂ ಆಯಿತು!

ಇಷ್ಟಾದರೂ ಮಾಸ್ತರರು "ತಗ್ಗಿಸಿದರೆ ಕಾಣುವುದಿಲ್ಲವಪ್ಪಾ" ಎಂದರು. ಟೇಪು ಹಿಡಿದು ಅಳೆದೆ. ನಿಂತಾಗ ಅವರ ಕಣ್ಣಿನಿಂದ ಹಾಳೆಗೆ 68 ಸೆಂಟಿಮೀಟರ್. ಅವರದು ಪ್ರೊಗ್ರೆಸಿವ್ ಕನ್ನಡಕ. ಅದರ ಕೆಳಭಾಗ ಕೈಯಲ್ಲಿ ಹಿಡಿದ ಪತ್ರಿಕೆಯ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ, ಮಾಡಿದ್ದು. ನಡುವಿನ ದೂರಕ್ಕಿರುವ ಜಾಗ ಬಹಳ ಕಿರಿದು. ಅಷ್ಟಗಲದ ಪುಟ ಅದರಲ್ಲಿ ಒಮ್ಮೆಗೇ ಕಾಣುವುದಿಲ್ಲ. ಆ ಅಳತೆಯ ಚೀಟಿ ಹಿಡಿದು ಕಣ್ಣಿನವರ ಬಳಿ ಹೋದೆವು. ಆ ದೂರಕ್ಕೇ ಬೇರೆ ಕನ್ನಡಕ ಮಾಡಿಕೊಟ್ಟರು. ಕೈಕೊಟ್ಟಿದ್ದು ಕಣ್ಣಲ್ಲ, ಕನ್ನಡಕ ಮತ್ತು ಸ್ಟ್ಯಾಂಡು.

ಹೋದ ಭಾನುವಾರ ಅಭ್ಯಾಸಕ್ಕೆ ಬಂದರು. ಹೊಸ ಕನ್ನಡಕ ಹಾಕಿಕೊಂಡು, ಸ್ಟ್ಯಾಂಡನ್ನು ತಾವೇ ಇನ್ನೂ ನಾಲ್ಕು ಬೆರಳು ಕೆಳಗಿಳಿಸಿದರು. ಮುಂದಿನ ಸಾಲಿನ ಪುಟ್ಟಿಯನ್ನು ನೋಡಿ, "ಏನೇ, ಹಲ್ಲು ಬಿದ್ದದ್ದು ನನಗೆ ಹೇಳಲೇ ಇಲ್ಲ!" ಎಂದರು. "ಬಿದ್ದು ಆಗಲೇ ಮೂರು ವಾರ ಆಯ್ತು ಸರ್" ಎಂದಳು ಅವಳು.

ರಾಜೀನಾಮೆ ಪತ್ರ ಇನ್ನೂ ನನ್ನ ಹತ್ತಿರವೇ ಇದೆ. ಅವರು ಕೇಳಿಲ್ಲ, ನಾನೂ ಸಭೆಯ ಮುಂದಿಟ್ಟಿಲ್ಲ.