ಕಾಲುವೆ ಒಡೆಯಿತೋ, ಒಡೆಯಲು ಬಿಟ್ಟರೋ?

ನಮ್ಮ ರೂಪನಗುಡಿ ಕಡೆ ಯಾವ ಮನೆಗೆ ಹೋದರೂ ಗಡಿಗೆ ಒಡೀತು ಅಂತಾರೆ, ಮುರೀತು ಅನ್ನಲ್ಲ. ಕೋಲು ಮುರೀತು ಅಂತಾರೆ, ಹರೀತು ಅನ್ನಲ್ಲ. ಹಗ್ಗ ಹರೀತು ಅಂತಾರೆ, ಒಡೀತು ಅನ್ನಲ್ಲ. ರೊಟ್ಟಿ ಮುರೀತಾರೆ, ತೆಂಗಿನಕಾಯಿ ಒಡೀತಾರೆ, ಕಟ್ಟಿಗೆ ಸೀಳ್ತಾರೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಇದರಲ್ಲಿ ತಪ್ಪಲ್ಲ. ತಪ್ಪುವವರು ನಾವು, ಪತ್ರಿಕೋದ್ಯಮ ಓದಿ ಬಂದವರು. ಡ್ಯಾಮು, ಕಾಲುವೆ, ಸೇತುವೆ ವಿಷಯ ಬಂದ ಕೂಡಲೇ ಎಲ್ಲದಕ್ಕೂ ಒಂದೇ ಮಾತು ಬರೆದು ಕೈ ತೊಳೆದುಕೊಳ್ಳುತ್ತೇವೆ: "ಒಡೆಯಿತು".

ಇದು ವ್ಯಾಕರಣದ ಜಗಳ ಅಂತ ತಿಳಿಯಬೇಡಿ. ಇದು ನಮ್ಮ ನೀರಿನ ಜಗಳ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ಲ? ಎಲ್ಲರ ಫೋನಿಗೂ ಒಂದೇ ಸುದ್ದಿ: "ಡ್ಯಾಮ್ ಒಡೀತಂತೆ." ಸಿರುಗುಪ್ಪ, ಕಂಪ್ಲಿ ಕಡೆಯ ಹೊಳೆ ದಂಡೆಯ ಊರಿನವರಿಗೆ ಎದೆ ನಡುಗಿತು. ತುಂಗಭದ್ರಾ ಅಣೆಕಟ್ಟು ಒಡೆದಿರಲಿಲ್ಲ. 33 ಗೇಟುಗಳಲ್ಲಿ 19ನೇ ಗೇಟಿನ ಚೈನು ಹರಿದಿತ್ತು, ಗೇಟು ಕೊಚ್ಚಿಹೋಗಿತ್ತು. ಕಟ್ಟಡಕ್ಕೆ ಒತ್ತಡ ಬೀಳದಂತೆ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು.

"ಒಡೀತು" ಅಂದಿದ್ದರಿಂದ ಎರಡು ನಷ್ಟವಾಯಿತು. ಒಂದು, ಸುಳ್ಳು ಭಯ. ಇನ್ನೊಂದು ದೊಡ್ಡದು: ಕೇಳಬೇಕಾದ ಪ್ರಶ್ನೆ ತಪ್ಪಿಹೋಯಿತು. ಗಡಿಗೆ ಒಂದೇ ಏಟಿಗೆ ಒಡೆಯುತ್ತದೆ. ಕೈ ಜಾರಿತು, ಹೋಯಿತು, ಹಣೆಬರಹ. ಆದರೆ ಬಾವಿ ಹಗ್ಗ ಒಂದೇ ದಿನಕ್ಕೆ ಹರಿಯುತ್ತದಾ? ಸವೆಯುತ್ತದೆ, ಎಳೆ ಬಿಡುತ್ತದೆ, ಆಮೇಲೆ ಹರಿಯುತ್ತದೆ. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ ಮನೆಯಲ್ಲಿ ಮೊದಲು ಕೇಳುವ ಮಾತೇ "ಸವೆದದ್ದು ಯಾರಿಗೂ ಕಾಣಲಿಲ್ವಾ?" ಅಂತ. "ಚೈನು ಹರೀತು" ಅಂತ ಬರೆದಿದ್ದರೆ ಅದೇ ಪ್ರಶ್ನೆ ತಾನಾಗಿ ಬರುತ್ತಿತ್ತು. 1953ರಲ್ಲಿ ಮುಗಿದ ಅಣೆಕಟ್ಟು ಅದು. 70 ವರ್ಷ ದಾಟಿದ ಡ್ಯಾಮಿನ ಚೈನನ್ನು ಯಾರು, ಯಾವಾಗ ನೋಡಿದ್ದರು? ಗೇಟು ಹೋದರೆ ಆ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್ ಮೊದಲೇ ಯಾಕೆ ತಯಾರಿರಲಿಲ್ಲ? ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿತು. ಅದಕ್ಕೆ ಕೈ ಮುಗಿಯೋಣ. ಆದರೆ ಆ ಚಪ್ಪಾಳೆಯಲ್ಲಿ ಪ್ರಶ್ನೆ ಮುಳುಗಬಾರದು.

ಯಾಕೆಂದರೆ ಅದರ ಬೆಲೆ ಕೊಡುತ್ತಿರುವವರು ನಾವೇ. ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 2025ರಲ್ಲಿ 80 ಟಿಎಂಸಿಗೆ ಮಿತಿ ಹಾಕಿದರು. ಹೊಸ ಗೇಟು ಕೂಡಿಸಬೇಕು ಅಂತ ಎರಡನೇ ಬೆಳೆಗೆ ನೀರಿಲ್ಲ ಅಂದರು. ಹರಿದದ್ದು ಒಂದು ಚೈನು, ನಿಂತದ್ದು ಎಷ್ಟೋ ಮನೆಗಳ ಬೇಸಿಗೆ ಭತ್ತ.

ಹಿಂದಕ್ಕೆ ಹೋಗಿ. 2022ರಲ್ಲಿ ನಮ್ಮ ವೇದಾವತಿ ಹೊಳೆ ಮೇಲೆ ಹಾದು ಹೋಗುವ ಎಲ್‌ಎಲ್‌ಸಿ ಮೇಲ್ಗಾಲುವೆಯ ಕಂಬ ಕುಸಿಯಿತು. ಕಾಲುವೆಗೆ ನೀರು ನಿಂತು ಪೈರು ಒಣಗುವ ಹೊತ್ತಿಗೆ, ಆಗಿನ ಸಚಿವ ಶ್ರೀರಾಮುಲು ಅಲ್ಲೇ ರಾತ್ರಿ ಮಲಗಿ ರಿಪೇರಿ ಮಾಡಿಸಿದ್ದು ದೊಡ್ಡ ಸುದ್ದಿಯಾಯಿತು. ಸಚಿವರು ಎಲ್ಲಿ ಮಲಗಿದರು ಅನ್ನುವುದು ನಮಗೆಲ್ಲ ಗೊತ್ತಾಯಿತು. "ಕುಸಿಯಿತು" ಅಂದರೆ ಬುಡ ಸಡಿಲಾಗಿತ್ತು ಅಂತ ಅರ್ಥ. ಬುಡದ ಕತೆ ಎಷ್ಟು ಜನ ಬರೆದರು?

ಇನ್ನೊಂದು ಮೋಸವಿದೆ, ಗಮನಿಸಿ. ನಮ್ಮ ಕನ್ನಡದಲ್ಲಿ "ಗಡಿಗೆ ಒಡೆಯಿತು" ಅಂತಲೂ ಹೇಳಬಹುದು, "ಗಡಿಗೆ ಒಡೆದರು" ಅಂತಲೂ ಹೇಳಬಹುದು. ಒಂದರಲ್ಲಿ ಮಾಡಿದವರು ಇಲ್ಲ, ಇನ್ನೊಂದರಲ್ಲಿ ಇದ್ದಾರೆ. ಈಗ ಕಾಲುವೆ ಸುದ್ದಿ ಓದಿ ನೋಡಿ. ಹೂಳು ತೆಗೆಯದೆ, ದಂಡೆ ಮೇಲಿನ ಜಾಲಿ ಕಡಿಯದೆ ಕಾಲುವೆ ಹೋದರೆ "ಕಾಲುವೆ ಒಡೆಯಿತು". ತಾನೇ ಒಡೆಯಿತು, ಪಾಪ! ಕೊನೆ ಭಾಗದ ರೈತ ನೀರು ಕಾಣದೆ ಸಿಟ್ಟಿಗೆದ್ದು ದಂಡೆಗೆ ಸಲಿಕೆ ಹಾಕಿದರೆ "ರೈತರು ಕಾಲುವೆ ಒಡೆದರು". ಅಲ್ಲಿ ಮಾತ್ರ ಮಾಡಿದವರು ಸಿಕ್ಕಿಬಿಡುತ್ತಾರೆ, ಕೇಸೂ ಬೀಳುತ್ತದೆ. ದಂಡೆ ಕಡಿಯುವುದು ತಪ್ಪೇ, ಅದನ್ನು ನಾವು ಸಮರ್ಥಿಸುವುದಿಲ್ಲ. ನಮ್ಮ ತಕರಾರು ಇಷ್ಟೇ: ರೈತನಿಗೆ ಒಂದು ಕ್ರಿಯಾಪದ, ಇಲಾಖೆಗೆ ಒಂದು ಕ್ರಿಯಾಪದ ಯಾಕೆ?

ಹಾಗಂತ ತಪ್ಪೆಲ್ಲ ಇಲಾಖೆಯದೇ ಅನ್ನುವುದೂ ಸುಳ್ಳು. ಇಲಾಖೆಯ ಪ್ರಕಟಣೆಯಲ್ಲಿ "ಒಡೆದಿದೆ" ಅಂತ ಬಂದರೆ ಹಾಗೇ ಟೈಪ್ ಮಾಡಿ ಹಾಕುವವರು ಯಾರು? ನಾವು. ಸ್ಥಳಕ್ಕೆ ಹೋಗದೆ "ಬ್ರೇಕಿಂಗ್" ಅಂತ ಕೆಂಪು ಪಟ್ಟಿ ಹಾಕುವವರು ಯಾರು? ನಮ್ಮವರೇ. ಹೆಸರಲ್ಲೇ ಒಡೆಯುವುದನ್ನು ಇಟ್ಟುಕೊಂಡ ಸುದ್ದಿಗೆ ಏನು ಒಡೆಯಿತು ಅಂತ ಗೊತ್ತಿರುವುದಿಲ್ಲ!

ನಮ್ಮ ರೈತರ ಬಾಯಲ್ಲಿ ಇದಕ್ಕಿಂತ ಚಂದದ ಮಾತು ಇದೆ: "ಬೋಂಗಾ ಬಿದ್ದೈತಿ." ದಂಡೆಯಲ್ಲಿ ತೂತು ಬಿದ್ದು ನೀರು ಸೋರುತ್ತಿದೆ ಅಂತ. ಇನ್ನೂ ಒಡೆದಿಲ್ಲ, ಒಂದಿಷ್ಟು ಮಣ್ಣು, ಮರಳಿನ ಚೀಲ ಹಾಕಿದರೆ ಉಳಿಯುತ್ತದೆ ಅನ್ನುವ ಹೊತ್ತಿನ ಮಾತು ಅದು. ಅದು ಎಚ್ಚರಿಕೆ. ಬಿರುಕು, ಬೋಂಗಾ, ಕುಸಿತ, ಆಮೇಲೆ ಒಡೆಯುವುದು. ನಾಲ್ಕು ಮೆಟ್ಟಿಲಿಗೆ ನಾಲ್ಕು ಮಾತು ಕೊಟ್ಟ ಭಾಷೆ ನಮ್ಮದು. ಪೇಪರಿಗೆ ಬರುವುದು ಕೊನೆಯ ಮೆಟ್ಟಿಲು ಮಾತ್ರ. ಮೊದಲ ಮೆಟ್ಟಿಲಲ್ಲಿ ಬರೆದಿದ್ದರೆ ಎಷ್ಟೋ ಹೊಲ ಉಳಿಯುತ್ತಿತ್ತು.

ಅದಕ್ಕೆ ಇನ್ನು ಮುಂದೆ ನಮ್ಮಲ್ಲಿ ಬರಿದೇ "ಕಾಲುವೆ ಒಡೆಯಿತು" ಅಂತ ಸುದ್ದಿ ಬರುವುದಿಲ್ಲ. ಏನು ಹೋಯಿತು, ಹೇಗೆ ಹೋಯಿತು, ಎಷ್ಟು ದಿನದಿಂದ ಸೋರುತ್ತಿತ್ತು, ನೋಡಿಕೊಳ್ಳಬೇಕಾದವರು ಯಾರು, ಈ ನಾಲ್ಕೂ ಬರೆಯುತ್ತೇವೆ. ಬರೆಯದಿದ್ದರೆ ನಮ್ಮನ್ನೂ ಬೈಯಿರಿ.

ನಿಮ್ಮಲ್ಲೂ ಒಂದು ಕೇಳಿಕೆ. ದಂಡೆ ಮೇಲೆ ಹೋಗುವಾಗ ಬೋಂಗಾ ಕಂಡರೆ ಅವತ್ತೇ ಫೋಟೋ ತೆಗೆಯಿರಿ. ಇಲಾಖೆಗೂ ಕಳಿಸಿ, ನಮಗೂ ಕಳಿಸಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ತಿದ್ದಲು ಹೋಗಬೇಡಿ. ನಿಮ್ಮ ಮಾತೇ ಸರಿ ಇದೆ. ನಾಳೆ ಯಾರಾದರೂ "ತಾನೇ ಒಡೆಯಿತು" ಅಂದರೆ ತೋರಿಸಲು ತಾರೀಖು ಸಮೇತ ಒಂದು ಸಾಕ್ಷಿ ಇರಲಿ.